ಹೆಸರಿಡದ ಟೈಲರಮ್ಮ

ನಮ್ಮ ಬೀದಿಯ ಟೈಲರಮ್ಮ ದಿಕ್ಕಿಲ್ಲದ ನಾಯಿಗಳನ್ನು, ಸಾಕುವವರು ಸಿಗುವವರೆಗೆ, ತಮ್ಮ ಮನೆಯಲ್ಲಿಟ್ಟುಕೊಳ್ಳುತ್ತಾರೆ. ಹೆಸರು ಮಾತ್ರ ಇಡುವುದಿಲ್ಲ. “ಹೆಸರಿಟ್ರೆ ಕಳಿಸೋಕೆ ಮನಸ್ಸು ಬರಲ್ಲ” ಎನ್ನುತ್ತಾರೆ. ಹಾಗಾಗಿ ಬಂದ ನಾಯಿಗೆಲ್ಲ ಬಹುವಚನದ ಮರ್ಯಾದೆ. “ರೀ, ಊಟಕ್ಕೆ ಬನ್ನಿ” ಎಂದರೆ ನಾಯಿಯೂ ಬರುತ್ತದೆ, ಅವರ ಯಜಮಾನರೂ ಬರುತ್ತಾರೆ. “ರೀ, ಸೋಫಾದಿಂದ ಇಳೀರಿ” ಎಂದರೆ ಇಳಿಯುವವರು ಯಜಮಾನರೊಬ್ಬರೇ. “ರೀ, ಚಪ್ಪಲಿ ಯಾಕ್ರೀ ಕಚ್ಚಿದ್ರಿ?” ಎಂದು ಗದರಿದರೆ, “ನಾನಲ್ಲ ಕಣೇ” ಎಂದು ಪಾಪ ಅವರೇ ಉತ್ತರ ಕೊಡುತ್ತಾರೆ. ನಾಯಿಯನ್ನು ಒಯ್ಯಲು ಯಾರಾದರೂ ಬಂದ ದಿನ ಟೈಲರಮ್ಮ ತಾವು ಹೊದ್ದ ಶಾಲನ್ನೇ ತೆಗೆದು ಅದಕ್ಕೆ ಸುತ್ತಿ, “ಇದನ್ನ ಒಗೀಬೇಡಿ, ನನ್ನ ವಾಸನೆ ಇದ್ರೆ ಹೊಸ ಜಾಗದಲ್ಲಿ ಹೆದರಲ್ಲ” ಎನ್ನುತ್ತಾರೆ. ಹದಿನೇಳು ನಾಯಿಗಳ ಜೊತೆ ಹದಿನೇಳು ಶಾಲುಗಳೂ ಹೋಗಿವೆ. ಬೀದಿಗೆಲ್ಲ ಬಟ್ಟೆ ಹೊಲಿಯುವ ಟೈಲರಮ್ಮ ಈ ಚಳಿಗಾಲದಲ್ಲಿ ಯಜಮಾನರ ಹಳೇ ಕೋಟು ತೊಟ್ಟು ಕೂತಿದ್ದಾರೆ.