ತಪ್ಪು ಮಾಡಿದವರನ್ನು ತೋರಿಸು ಸ್ವಾಮಿ ಎಂದು ಕೇಳಿಕೊಂಡೆ

ಗುಬ್ಬಿ ಶಾಖೆಯಿಂದ ಬರಬೇಕಾದ ರಕ್ತಪರೀಕ್ಷೆಯ ರಿಪೋರ್ಟುಗಳು ಆ ಬುಧವಾರ ಬೆಳಿಗ್ಗೆಯಿಂದ ನಿಂತುಹೋದವು. ಕುಣಿಗಲ್ಲಿನವು ಎಂದಿನಂತೆ ಬರುತ್ತಿದ್ದವು. ಗುಬ್ಬಿಯದು ಮಾತ್ರ ಒಂದೂ ಇಲ್ಲ. ಬಂಧುಗಳೇ, ಅಲ್ಲಿಂದ ನಾಲ್ಕು ದಿನ ನಾನು ಪಟ್ಟ ಪಾಡನ್ನೂ, ಐದನೆಯ ದಿನ ನಮ್ಮ ವೀರಭದ್ರಸ್ವಾಮಿ ನನ್ನ ಕಣ್ಣು ತೆರೆಸಿದ ಬಗೆಯನ್ನೂ ಬರೆಯುತ್ತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಕೆಲಸ ಕೈಗೂಡಿದರೆ ಇದ್ದದ್ದನ್ನು ಇದ್ದ ಹಾಗೆ ಹತ್ತು ಜನರ ಮುಂದೆ ಹೇಳುತ್ತೇನೆ ಎಂದು ಸ್ವಾಮಿಗೆ ಮಾತು ಕೊಟ್ಟವಳು ನಾನೇ.

ನನ್ನ ಹೆಸರು ಗಿರಿಜಾ. ತುಮಕೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ನಾನೊಬ್ಬಳೇ. ನನ್ನದು ಹುಟ್ಟಾ ಸಂದೇಹದ ಸ್ವಭಾವ. ಹಾಲು ತಂದರೆ ಮೂಸಿ ನೋಡುತ್ತೇನೆ. ಮನೆಗೆ ಬೀಗ ಹಾಕಿದ ಮೇಲೆ ಗೇಟಿನ ತನಕ ಹೋಗಿ ಮತ್ತೆ ಬಂದು ಎಳೆದು ನೋಡುತ್ತೇನೆ. ದೇವಸ್ಥಾನದಲ್ಲಿ ಕಣ್ಣು ಮುಚ್ಚಿ ಕೈಮುಗಿದರೂ ಮನಸ್ಸು ಹೊರಗೆ ಬಿಟ್ಟ ಚಪ್ಪಲಿಯ ಹತ್ತಿರವೇ ಇರುತ್ತದೆ. ನನ್ನ ಗಂಡ ಇದನ್ನು ಆಡಿಕೊಂಡು ನಗುತ್ತಾರೆ. ಹಾಗೆ ನಗುವುದರ ಹಿಂದೆ ಏನಿರಬಹುದು ಎಂದೂ ಒಮ್ಮೊಮ್ಮೆ ಯೋಚಿಸಿದ್ದೇನೆ.

ಹಿಂದಿನ ವರ್ಷ ನಮ್ಮ ಲ್ಯಾಬಿನ ಕಂಪ್ಯೂಟರುಗಳಿಗೆ ಒಂದು ವೈರಸ್ ಹೊಕ್ಕು ಎರಡು ವಾರ ಕೆಲಸವೆಲ್ಲ ಕೆಟ್ಟಿತ್ತು. ಅದಾದ ಮೇಲೆ ನಮ್ಮ ಮುಖ್ಯ ಸರ್ವರಿನಲ್ಲಿ ನಾನು ಒಂದು ಬಿಗಿಯಾದ ಕಾವಲು ವ್ಯವಸ್ಥೆಯನ್ನು ಕೂರಿಸಿದೆ. ಅದನ್ನು ಸುಲಭವಾಗಿ ಹೇಳುತ್ತೇನೆ. ಅಲ್ಲಿ ಪ್ರತಿಯೊಂದು ಫೈಲಿಗೂ ಅದು ಯಾವ ಜಾಗಕ್ಕೆ ಸೇರಿದ್ದು ಎಂದು ಹೇಳುವ ಒಂದು ಲೇಬಲ್ ಇರುತ್ತದೆ. ಪ್ರತಿಯೊಂದು ಪ್ರೋಗ್ರಾಮಿಗೂ ನೀನು ಈ ಈ ಲೇಬಲ್ಲಿನ ಫೈಲುಗಳನ್ನು ಮಾತ್ರ ಮುಟ್ಟಬಹುದು ಎಂದು ಒಂದು ಪಾಲಿಸಿ ಬರೆದಿರುತ್ತದೆ. ಪಾಲಿಸಿಯಲ್ಲಿ ಇಲ್ಲದ್ದನ್ನು ಮುಟ್ಟಲು ಹೋದರೆ ಕಾವಲು ತಡೆಯುತ್ತದೆ, ತಡೆದದ್ದನ್ನು ಬರೆದಿಡುತ್ತದೆ. ಯಾರ ಫೈಲು, ಯಾರು ಕೊಟ್ಟ ಪರ್ಮಿಷನ್ ಎಂದು ಅದು ನೋಡುವುದಿಲ್ಲ. ಸರ್ವರಿನ ಯಜಮಾನನ ಹೆಸರಲ್ಲಿ ಓಡುವ ಪ್ರೋಗ್ರಾಮಾದರೂ ಅದಕ್ಕೆ ಅಷ್ಟೇ. ನನಗೆ ತಕ್ಕ ಜೊತೆಗಾರ ಸಿಕ್ಕಿದ ಎಂದು ನಾನು ಬಹಳ ಹಿಗ್ಗಿದ್ದೆ.

ನಮ್ಮಲ್ಲಿ ರಿಪೋರ್ಟುಗಳನ್ನು ಬರಮಾಡಿಕೊಂಡು ವೈದ್ಯರ ಪರದೆಗೆ ಕಳಿಸುವ ಒಂದು ಪ್ರೋಗ್ರಾಂ ಹಗಲೂ ರಾತ್ರಿ ಓಡುತ್ತಿರುತ್ತದೆ. ಅದಕ್ಕೆ ಗುಬ್ಬಿಗೊಂದು, ಕುಣಿಗಲ್ಲಿಗೊಂದು ಗುರುತಿನ ಫೈಲು. ಆ ಫೈಲನ್ನು ಓದಿ ಗುರುತು ಹಿಡಿದರೆ ಮಾತ್ರ ಆ ಶಾಖೆಯ ರಿಪೋರ್ಟನ್ನು ಒಳಗೆ ಬಿಡುತ್ತದೆ. ವರ್ಷಕ್ಕೊಮ್ಮೆ ಈ ಫೈಲುಗಳನ್ನು ಹೊಸದಾಗಿ ಮಾಡಬೇಕು. ನಮ್ಮ ಮನೆಯಲ್ಲಿ ಹೊಸ ಸೀರೆಯಾಗಲಿ, ಬೈಕಿನ ಕೀಲಿಯಾಗಲಿ, ಲಗ್ನಪತ್ರಿಕೆಯಾಗಲಿ ಮೊದಲು ದೇವರ ಮುಂದೆ ಇಟ್ಟು ಆಮೇಲೆ ಬಳಸುವ ಪದ್ಧತಿ. ಫೈಲನ್ನು ದೇವರ ಮುಂದೆ ಇಡುವುದು ಹೇಗೆ? ಅದಕ್ಕೆ ಸರ್ವರಿನಲ್ಲಿ ನನ್ನ ಸ್ವಂತ ಫೋಲ್ಡರಿನ ಒಳಗೆ ಸ್ವಾಮಿಯ ಹೆಸರಿನದೇ ಒಂದು ಚಿಕ್ಕ ಫೋಲ್ಡರ್ ಮಾಡಿಕೊಂಡಿದ್ದೇನೆ. ಅದರಲ್ಲಿ ಸ್ವಾಮಿಯ ಒಂದು ಫೋಟೋ ಇದೆ. ಹೊಸ ಫೈಲು ಒಂದು ಇಡೀ ದಿನ ಅಲ್ಲಿದ್ದು ಆಮೇಲೆ ತನ್ನ ಜಾಗಕ್ಕೆ ಹೋಗುತ್ತದೆ. ಎಷ್ಟೋ ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಈ ಸಲ ಸೋಮವಾರ ಗುಬ್ಬಿಯ ಫೈಲು ಮಾಡಿ ಸ್ವಾಮಿಯ ಮುಂದೆ ಇಟ್ಟೆ. ಮಂಗಳವಾರ ಬೆಳಿಗ್ಗೆ ಕೈಮುಗಿದು ಅದರ ಜಾಗಕ್ಕೆ ಸಾಗಿಸಿದೆ. ಕುಣಿಗಲ್ಲಿನವರು ಫೈಲಿಗೆ ಬೇಕಾದ ತಮ್ಮ ಪರೀಕ್ಷಾ ಯಂತ್ರದ ವಿವರ ಕೊಟ್ಟದ್ದೇ ಮಂಗಳವಾರ ಮಧ್ಯಾಹ್ನ. ಬುಧವಾರ ಪ್ರೋಗ್ರಾಮನ್ನು ರೀಸ್ಟಾರ್ಟ್ ಮಾಡಬೇಕಿತ್ತು, ಪುರುಸೊತ್ತಿರಲಿಲ್ಲ. ಆ ಫೈಲನ್ನು ದೇವರ ಮುಂದೆ ಇಡದೆ ನೇರವಾಗಿ ಅದರ ಜಾಗದಲ್ಲೇ ಮಾಡಿಬಿಟ್ಟೆ. ತಪ್ಪಾಯಿತು ಸ್ವಾಮಿ ಎಂದು ಗಲ್ಲ ಗಲ್ಲ ಬಡಿದುಕೊಂಡೆ. ಬುಧವಾರ ನೋಡಿದರೆ ದೇವರ ಮುಂದೆ ಇಡದಿದ್ದ ಕುಣಿಗಲ್ ನಡೆಯುತ್ತಿದೆ, ಇಟ್ಟಿದ್ದ ಗುಬ್ಬಿ ನಿಂತಿದೆ. ಕಾವಲಿನ ಲಾಗ್ ತೆಗೆದೆ. ಗುಬ್ಬಿಯ ಗುರುತಿನ ಫೈಲು, ರಿಪೋರ್ಟಿನ ಪ್ರೋಗ್ರಾಂ, ಅನುಮತಿ ಇಲ್ಲ ಎಂದಿತ್ತು. ಸಾಲು ಇನ್ನೂ ಉದ್ದವಿತ್ತು. ನಾನು ಅಷ್ಟಕ್ಕೇ ನಿಲ್ಲಿಸಿದೆ, ಏಕೆಂದರೆ ಯಾರು ಮಾಡಿದ್ದು ಎಂದು ನನಗೆ ಆಗಲೇ ಗೊತ್ತಾಗಿತ್ತು.

ಗುಬ್ಬಿ ಶಾಖೆಯ ಟೆಕ್ನಿಷಿಯನ್ ರಂಗನಾಥ್. ಐವತ್ತು ದಾಟಿದವರು, ನನಗಿಂತ ಹಳಬರು. ಕಾವಲು ಕೂರಿಸಿದ ಹೊಸದರಲ್ಲಿ ಅವರು ತಂದ ಪೆನ್‌ಡ್ರೈವನ್ನು ಸರ್ವರ್ ಒಳಗೆ ಬಿಡಲಿಲ್ಲ. ಆಗ ಎಲ್ಲರೆದುರಿಗೆ, ನಾವೆಲ್ಲ ಕಳ್ಳರು ಅಂತ ತೀರ್ಮಾನ ಮಾಡಿಬಿಟ್ಟಿದೀರಾ ಮೇಡಂ ಎಂದು ಕೇಳಿದ್ದರು. ನಾನು ಅದನ್ನು ಮರೆತಿರಲಿಲ್ಲ. ಸೋಮವಾರ ಯಂತ್ರದ ವಿವರ ಕೊಡಲು ಬಂದವರು ನಾನು ಟೀ ತರಲು ಹೋದಾಗ ನನ್ನ ಕುರ್ಚಿಯಲ್ಲೇ ಕೂತಿದ್ದರು. ನಾನು ಬಂದ ಕೂಡಲೇ ಎದ್ದರು. ಅಷ್ಟು ಬೇಗ ಏಕೆ ಏಳಬೇಕಿತ್ತು?

ರೋಗಿಗಳ ವಿವರವನ್ನು ಮೊಬೈಲಿನಲ್ಲಿ ಕಳಿಸಬಾರದು ಎಂಬ ನಿಯಮ ಮಾಡಿಸಿದವಳು ನಾನೇ. ಆದ್ದರಿಂದ ಗುರುವಾರದಿಂದ ರಿಪೋರ್ಟುಗಳನ್ನು ಪ್ರಿಂಟ್ ತೆಗೆದು ರಂಗನಾಥ್ ಅವರೇ ಗುಬ್ಬಿಯಿಂದ ಬಸ್ಸಿನಲ್ಲಿ ತರತೊಡಗಿದರು. ಬಸ್ ಸ್ಟ್ಯಾಂಡಿನಿಂದ ನಡೆದು ಬೆವರು ಒರೆಸಿಕೊಳ್ಳುತ್ತಾ ಬಂದು ಕವರನ್ನು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ನಾನು ಪರದೆಯಿಂದ ತಲೆ ಎತ್ತುತ್ತಿರಲಿಲ್ಲ. ಮಾಡುವುದೆಲ್ಲ ಮಾಡಿ ಈಗ ಒಳ್ಳೆಯವರಾಗಲು ಬಂದಿದ್ದಾರೆ ಎಂದುಕೊಳ್ಳುತ್ತಿದ್ದೆ. ಶುಕ್ರವಾರ ಬಸ್ಸು ತಡವಾಗಿ, ರಿಪೋರ್ಟಿಗೆ ಕಾಯುತ್ತಿದ್ದ ಒಬ್ಬ ಬಾಣಂತಿಗೆ ರಕ್ತ ಕೊಡುವುದು ಎರಡು ಗಂಟೆ ಹಿಂದಾಯಿತು. ಪುಣ್ಯಕ್ಕೆ ಆಕೆಗೆ ಏನೂ ಆಗಲಿಲ್ಲ. ಆದರೆ ಆಸ್ಪತ್ರೆಯಿಂದ ಬಂದ ಫೋನಿಗೆ ನಮ್ಮ ಮ್ಯಾನೇಜರ್ ಕೆಂಡವಾದರು.

ಶನಿವಾರ ಅವರು ನನ್ನನ್ನು ಕರೆದು ಎರಡೇ ದಾರಿ ಇಟ್ಟರು. ಒಂದು, ಕಾವಲನ್ನು ಪೂರ್ತಿ ತೆಗೆದುಬಿಡುವುದು. ಅದು ಸಾಧ್ಯವಿಲ್ಲ, ಮತ್ತೆ ವೈರಸ್ ಬಂದರೆ ಯಾರು ಹೊಣೆ ಎಂದೆ. ಪ್ರೋಗ್ರಾಂ ಮಾರಿದ ಕಂಪನಿಯವನಂತೂ, ತಡೆಯಬೇಡ ಬರೀ ಬರೆದುಕೋ ಎನ್ನುವ ಸ್ಥಿತಿಯಲ್ಲಿ ಕಾವಲನ್ನು ಇಡಿ ಎಂದು ಫೋನಿನಲ್ಲಿ ಹೇಳಿದ್ದ. ತಡೆಯದ ಕಾವಲು ಯಾವ ಸೀಮೆ ಕಾವಲು ಎಂದು ಅವನಿಗೂ ಬೈದಿದ್ದೆ. ಎರಡನೆಯ ದಾರಿ, ಯಾರು ಕೈ ಆಡಿಸಿದ್ದು ಎಂದು ನಾನು ಬರೆದು ಕೊಡುವುದು.

"ನೀವ್ ಹೆಸ್ರು ಬರ್ದ್ ಕೊಡಿ ಸಾಕು. ಸೋಮವಾರ ಹನ್ನೊಂದು ಗಂಟೆಗೆ ಅವ್ರನ್ನ ಕೆಲ್ಸದಿಂದ ಕಳಿಸ್ಬಿಡ್ತೀನಿ" ಎಂದರು ಮ್ಯಾನೇಜರ್.

ಆ ಸಂಜೆಯೇ ಪತ್ರ ಬರೆದೆ. ರಂಗನಾಥ್ ಅವರ ಹೆಸರು ಹಾಕಿದೆ. ಆದರೆ ಕೊಡಲಿಲ್ಲ. ದಯೆ ಬಂದು ಅಲ್ಲ. ನಾಳೆ ಮ್ಯಾನೇಜರೇ ತಿರುಗಿಬಿದ್ದು ಸಾಕ್ಷಿ ಎಲ್ಲಿ ಎಂದರೆ ಏನು ಮಾಡುವುದು ಎಂಬ ಸಂದೇಹ ಬಂತು, ಅಷ್ಟೇ.

ಭಾನುವಾರ ಬೆಳಿಗ್ಗೆ ಸಿಹಿ ಪೊಂಗಲ್ ಮಾಡಿ, ಮಡಿಯಲ್ಲೇ ಸ್ಟೀಲಿನ ಡಬರಿಗೆ ತುಂಬಿಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಗೂಳೂರು, ಹೆಬ್ಬೂರು ದಾಟಿ ಇಳಿದು ಒಂದು ಮೈಲಿ ನಡೆದರೆ ನಮ್ಮ ಮನೆದೇವರ ಗುಡಿ. ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಸ್ವಾಮಿಯ ಮುಂದೆ ನಿಂತು, ತಪ್ಪು ಮಾಡಿದವರು ಯಾರೆಂದು ತೋರಿಸು, ಸಾಕ್ಷಿ ಸಮೇತ ತೋರಿಸು, ನಿನ್ನ ಮಹಿಮೆಯನ್ನು ಎಲ್ಲರಿಗೂ ಹೇಳುತ್ತೇನೆ ಎಂದು ಹರಕೆ ಹೊತ್ತೆ. ಹೂ ಪ್ರಸಾದ ಕೇಳಿದೆ. ರಂಗನಾಥನೇ ಮಾಡಿದ್ದಾದರೆ ಬಲಗಡೆ ಕೊಡು ಎಂದೆ. ಬಹಳ ಹೊತ್ತು ಹೂವು ಅಲ್ಲಾಡಲೇ ಇಲ್ಲ. ಕಡೆಗೆ ಎಡಗಡೆಯಿಂದ ಒಂದು ಸೇವಂತಿಗೆ ಬಿತ್ತು.

ಸ್ವಾಮಿ ಕ್ಷಮಿಸಬೇಕು, ಆ ಕ್ಷಣ ನನಗೆ ಪೂಜಾರಪ್ಪನವರ ಮೇಲೆ ಸಂದೇಹ ಬಂತು. ಎಡಗಡೆ ಹೂವನ್ನು ಸಡಿಲವಾಗಿ ಸಿಕ್ಕಿಸಿರಬೇಕು ಎಂದುಕೊಂಡೆ. ಆಮೇಲೆ ಸ್ವಾಮಿಯ ಮೇಲೂ ಬಂತು. ನಿನ್ನ ಮುಂದೆ ಇಟ್ಟ ಫೈಲನ್ನೇ ಕಾಪಾಡದವನು ನೀನು, ನಿನ್ನ ಹೂವನ್ನು ಹೇಗೆ ನಂಬಲಿ ಎಂದು ಮನಸ್ಸಿನಲ್ಲೇ ಜಗಳವಾಡಿದೆ. ಕಣ್ಣಲ್ಲಿ ನೀರು ಬಂತು. ದೇವರನ್ನೂ ನಂಬದ ಹಾಗಾದೆನಲ್ಲ ಎಂದು ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಪೊಂಗಲ್ಲನ್ನಾದರೂ ನೈವೇದ್ಯಕ್ಕೆ ಕೊಟ್ಟು ಹೋಗೋಣ ಎಂದು ಡಬರಿ ಹಿಡಿದು ಒಳಬಾಗಿಲಿಗೆ ಹೋದೆ. ಅಲ್ಲಿ ಗುಡಿಯ ಪಾತ್ರೆಗಳನ್ನು ನೋಡಿಕೊಳ್ಳುವ ಶಿವಣ್ಣನವರು ಕೂತಿರುತ್ತಾರೆ. ಹಿಂದೆ ಯಾವಾಗಲೋ ಪಾತ್ರೆಗಳು ಅದಲುಬದಲಾಗಿ ಎರಡು ಮನೆಯವರು ಹೊಡೆದಾಡಿಕೊಂಡ ಮೇಲೆ ಅವರು ಒಂದು ಕಟ್ಟಳೆ ಮಾಡಿದ್ದಾರೆ. ನಾನು ಯಾವಾಗಲೂ ಬಾಳೆಹಣ್ಣು, ಕಾಯಿ ಕೊಟ್ಟು ಬರುವವಳಾದ್ದರಿಂದ ಅದು ನನಗೆ ಗೊತ್ತಿರಲಿಲ್ಲ. ಅವರು ಡಬರಿಯನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು.

"ಇದ್ರಲ್ಲಿ ನಿಮ್ಮನೆ ಹೆಸ್ರೈತೆ ಕಣವ್ವ. ಒಳಕ್ ಓಗಂಗಿಲ್ಲ. ಗುಡಿ ತಟ್ಟೆಗೆ ಸುರ್ದ್ ಕೊಡು."

ಮೊದಲೇ ಮನಸ್ಸು ಸರಿಯಿರಲಿಲ್ಲ. ನನಗೆ ರೇಗಿತು. "ತೊಳ್ದು ಮಡೀಲೇ ತಂದಿದೀನಿ ಶಿವಣ್ಣೋರೆ" ಎಂದೆ.

"ಯಾರ್ ಇಲ್ಲ ಅಂದ್ರು? ಪೊಂಗ್ಲೂ ಸರಿಯಾಗೈತೆ, ಡಬರೀನೂ ಚೊಕ್ಕಾಗೈತೆ. ತೊಳ್ದ್ರೆ ಹೆಸ್ರು ಓಯ್ತದಾ? ಪೂಜಾರಪ್ನೋರ್ ಮನೇದೇ ಬಂದ್ರೂ ನಾನ್ ಒಳಕ್ ಬುಡಕಿಲ್ಲ."

ಅವರು ಗುಡಿಯ ತಟ್ಟೆಯನ್ನು ಮುಂದೆ ಚಾಚಿದರು. ನಾನು ಸುರಿದೆ. ಅದೇ ಪೊಂಗಲ್ ಗುಡಿಯ ತಟ್ಟೆಯಲ್ಲಿ ಒಳಗೆ ಹೋಯಿತು. ಹೆಸರಿದ್ದ ಡಬರಿ ನನ್ನ ಕೈಯಲ್ಲೇ ಉಳಿಯಿತು. ಅದರ ಮೇಲೆ ಕೆತ್ತಿದ್ದ ನಮ್ಮ ಮನೆಯ ಹೆಸರನ್ನು ಓದಿದಾಗ ಗುಬ್ಬಿಯ ಫೈಲು ನೆನಪಾಯಿತು.

ನಾನು ಫೈಲನ್ನು ಸುರಿದಿರಲಿಲ್ಲ. ಡಬರಿಯ ಸಮೇತ ಒಳಗೆ ಇಟ್ಟಿದ್ದೆ. ನನ್ನ ಸ್ವಂತ ಫೋಲ್ಡರಿನಲ್ಲಿ ಹುಟ್ಟಿದ ಫೈಲಿನ ಮೇಲೆ ನನ್ನ ಫೋಲ್ಡರಿನ ಲೇಬಲ್ ಬಿದ್ದಿರುತ್ತದೆ. ಅದನ್ನು ಅಲ್ಲಿಂದ ಹಾಗೇ ಸಾಗಿಸಿದರೆ ಆ ಲೇಬಲ್ ಜೊತೆಯಲ್ಲೇ ಹೋಗುತ್ತದೆ. ನಕಲು ಮಾಡಿ ಹೊಸ ಜಾಗದಲ್ಲಿ ಇಟ್ಟಿದ್ದರೆ ಆ ಜಾಗದ ಲೇಬಲ್ ಬರುತ್ತಿತ್ತು. ಕುಣಿಗಲ್ಲಿನದನ್ನು ಅಲ್ಲೇ ಮಾಡಿದ್ದೆ, ಅದಕ್ಕೆ ತಕರಾರಿಲ್ಲ. ಯಾರ ಸ್ವಂತ ಫೋಲ್ಡರಿನ ಫೈಲನ್ನೂ ರಿಪೋರ್ಟಿನ ಪ್ರೋಗ್ರಾಂ ಮುಟ್ಟಕೂಡದು ಎಂದು ಪಾಲಿಸಿ ಬರೆದವಳು ನಾನೇ. ಹಿಂದಿನ ಸಲ ಫೈಲು ಮಾಡಿದಾಗ ಕಾವಲು ಇನ್ನೂ ಬಂದಿರಲಿಲ್ಲ, ಆದ್ದರಿಂದ ನನ್ನ ಪದ್ಧತಿ ನಡೆದುಬಿಟ್ಟಿತ್ತು.

ಸೋಮವಾರ ಎಂಟಕ್ಕೇ ಲ್ಯಾಬಿಗೆ ಹೋಗಿ ಬುಧವಾರದ ಲಾಗ್ ತೆಗೆದೆ. ಓದದೆ ಬಿಟ್ಟಿದ್ದ ಉಳಿದರ್ಧ ಸಾಲಿನಲ್ಲಿ, ಬಳಕೆದಾರರ ಸ್ವಂತ ಫೋಲ್ಡರಿನ ಫೈಲು ಎಂದು ಲೇಬಲ್ ಸ್ಪಷ್ಟವಾಗಿ ಬರೆದಿತ್ತು. ನಾಲ್ಕು ದಿನ ಅದು ನನ್ನ ಕಣ್ಣೆದುರಿಗೇ ಇತ್ತು. ಈ ಫೈಲಿಗೆ ಈ ಜಾಗದ ಲೇಬಲ್ ಹಾಕು ಎನ್ನುವ ಒಂದೇ ಸಾಲಿನ ಆದೇಶ ಕೊಟ್ಟು, ಪ್ರೋಗ್ರಾಮನ್ನು ರೀಸ್ಟಾರ್ಟ್ ಮಾಡಿದೆ. ಪಾಲಿಸಿಯಲ್ಲಿ ಒಂದಕ್ಷರ ಬದಲಾಯಿಸಲಿಲ್ಲ. ಗುಬ್ಬಿಯ ರಿಪೋರ್ಟುಗಳು ಒಂದರ ಹಿಂದೆ ಒಂದು ಬರತೊಡಗಿದವು. ನಾನು ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ.

ಹನ್ನೊಂದಕ್ಕೆ ಮ್ಯಾನೇಜರಿಗೆ ಪತ್ರ ಕೊಟ್ಟೆ. ಶನಿವಾರದ್ದನ್ನು ಹರಿದು ಬೇರೆ ಬರೆದಿದ್ದೆ, ಅದರಲ್ಲಿ ನನ್ನ ಹೆಸರಿತ್ತು. ಕೆಲಸದಿಂದ ಕಳಿಸುತ್ತಾರೆ ಎಂದೇ ತಿಳಿದಿದ್ದೆ. ಅವರು ಎರಡು ಸಲ ಓದಿ, ಇನ್ನು ಮೇಲೆ ಪೂರ್ತಿ ಸಾಲು ಓದಿ ಎಂದು ಹೇಳಿ ಡ್ರಾಯರಿನಲ್ಲಿ ಇಟ್ಟುಕೊಂಡರು. ಆ ಪತ್ರ ಈಗಲೂ ಅಲ್ಲೇ ಇದೆ. ಇರಲಿ.

ಮಧ್ಯಾಹ್ನ ಗುಬ್ಬಿ ಬಸ್ಸು ಹತ್ತಿದೆ. ಮೂರು ದಿನ ಅವರು ಬಂದ ದಾರಿಯಲ್ಲಿ ನಾನು ಒಂದು ದಿನವಾದರೂ ಹೋಗಬೇಕಿತ್ತು. ರಂಗನಾಥ್ ಯಂತ್ರದ ಮುಂದೆ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ, ಹರಿದ ಪತ್ರದ ವಿಷಯವನ್ನೂ ಹೇಳಿದೆ. ಅವರು ಕೈಗವಸು ತೆಗೆದು, ಸ್ಟೂಲನ್ನು ನನ್ನ ಕಡೆ ತಳ್ಳಿದರು.

"ಗೊತ್ತಿತ್ತು ಮೇಡಂ. ಆ ಪ್ರಿಂಟುಗಳನ್ನ ಕಂಡಕ್ಟರ್ ಕೈಲಿ ಕೊಟ್ಟಿದ್ರೂ ತಲುಪಿಸ್ತಿದ್ದ. ಎದುರಿಗೆ ಬಂದು ನಿಂತ್ರೆ, ರಂಗನಾಥ್ ನೀವೇನಾದ್ರೂ ಮುಟ್ಟಿದ್ರಾ ಅಂತ ಒಂದ್ ಮಾತು ಕೇಳ್ತೀರೇನೋ ಅಂತ ನಾನೇ ಬರ್ತಿದ್ದೆ. ಮೂರು ದಿನ ಬಂದೆ. ನೀವ್ ಕೇಳ್ಲೇ ಇಲ್ಲ."

ನಾನು ಆ ಸ್ಟೂಲಿನ ಮೇಲೆ ಕೂತೆ. ಅವರು ಟೀ ತರಿಸಿದರು. ಆ ಟೀಯನ್ನು ಮೂಸಿ ನೋಡದೆ ಕುಡಿದೆ.

ಬಂಧುಗಳೇ, ತಪ್ಪು ಮಾಡಿದವರನ್ನು ಸಾಕ್ಷಿ ಸಮೇತ ತೋರಿಸು ಎಂದು ಕೇಳಿದ್ದೆ. ಸ್ವಾಮಿ ತೋರಿಸಿದ. ಹೂವಿನಲ್ಲಿ ಹೇಳಿದರೆ ಇವಳು ನಂಬುವವಳಲ್ಲ ಎಂದು ತಿಳಿದು ಶಿವಣ್ಣನವರ ಬಾಯಲ್ಲಿ ಹೇಳಿಸಿದ. ನನ್ನ ಸ್ವಭಾವ ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳಲಾರೆ. ಸಂದೇಹ ಈಗಲೂ ಬರುತ್ತದೆ, ಬಂದದ್ದನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತೇನೆ. ಆದರೆ ಯಾರನ್ನಾದರೂ ಬಾಗಿಲಲ್ಲಿ ತಡೆಯುವ ಮೊದಲು ಅವರನ್ನೇ ಕೇಳುತ್ತೇನೆ. ಸರ್ವರಿನ ಕಾವಲು ಮಾತ್ರ ಮೊದಲಿನಷ್ಟೇ ಬಿಗಿಯಾಗಿದೆ. ಹೊಸ ಫೈಲುಗಳನ್ನು ಈಗಲೂ ಸ್ವಾಮಿಯ ಮುಂದೆ ಇಡುತ್ತೇನೆ, ಅಲ್ಲಿಂದ ನಕಲು ಮಾಡಿ ಒಯ್ಯುತ್ತೇನೆ.

ಹರಕೆ ತೀರಿಸಲು ಗುಡಿಗೆ ಒಂದು ದೊಡ್ಡ ತಟ್ಟೆ ಕೊಂಡೆ. ಅಂಗಡಿಯವನು, ಕೊಟ್ಟವರ ಹೆಸರು ಏನೆಂದು ಕೆತ್ತಲಿ ಎಂದು ಕೇಳಿದ. ನನ್ನದು ಬೇಡ, ಗುಡಿಯ ಹೆಸರು ಸಾಕು ಎಂದೆ. ಒಳಬಾಗಿಲಲ್ಲಿ ಶಿವಣ್ಣನವರು ಅದನ್ನೂ ತಿರುಗಿಸಿ ನೋಡಿದರು. ಆಮೇಲೆ ಒಳಗೆ ತೆಗೆದುಕೊಂಡು ಹೋದರು.