ಹೊಸ ಪೇಟೆಗೆ ಬಂದ ಹೊಲಿಗೆ ಅಂಗಡಿ

ನಾನು ನರ್ಸ್ ಕೆಲಸಕ್ಕೆಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಬಂದಾಗ ಆ ಊರಿಗೆ ಪೇಟೆ ಎಂಬುದೇ ಇರಲಿಲ್ಲ. ಭೂಕಂಪದಲ್ಲಿ ಹಾಳಾದ ಕಟ್ಟಡಗಳನ್ನು ಕೆಡವಿ, ಖಾಲಿ ಜಾಗದಲ್ಲೆಲ್ಲ ಜಲ್ಲಿ ಹರವಿ ಕಾರು ನಿಲ್ಲಿಸಲು ಬಿಟ್ಟಿದ್ದರು. ಚಪ್ಪಲಿಯಾಗಲಿ, ಮಗಳ ಶಾಲೆಯ ಸಮವಸ್ತ್ರವಾಗಲಿ, ಊರಾಚೆಯ ಮಾಲ್‌ಗೇ ಹೋಗಬೇಕು. ಅಕ್ಕ ಸಿಕ್ಕಿದ್ದೂ ಅಲ್ಲಿಯೇ. ಎಸ್ಕಲೇಟರ್ ಕೆಳಗಿನ ಗೂಡಿನಲ್ಲಿ ಕೂತು ಪ್ಯಾಂಟಿನ ಅಂಚು ಹೊಲಿಯುತ್ತಿದ್ದ ಹೆಂಗಸೊಬ್ಬಳು ಹುಬ್ಬಳ್ಳಿ ಮಾತಿನಲ್ಲಿ ಫೋನಿನಲ್ಲಿ ಯಾರನ್ನೋ ಗದರಿಸುತ್ತಿದ್ದಳು. ಗದಗಿನವಳಾದ ನನ್ನ ಕಾಲು ಅಲ್ಲೇ ನಿಂತಿತು. ಅಂದಿನಿಂದ ಆಕೆ ನನಗೆ ಅಕ್ಕ.

ಆಮೇಲೆ ಊರ ನಡುವೆ ಕ್ರೇನುಗಳು ಎದ್ದವು. ನನ್ನ ಆಸ್ಪತ್ರೆ ಅಲ್ಲಿಗೆ ಹತ್ತಿರ. ಮಧ್ಯಾಹ್ನ ಡಬ್ಬಿ ಖಾಲಿ ಮಾಡಿ ನೋಡಲು ಓಡುತ್ತಿದ್ದೆ. ಮೊದಲು ಬರೀ ಕಂಬಗಳು, ಸ್ವಲ್ಪ ದಿನ ಬಿಟ್ಟು ಹೋದರೆ ಗೋಡೆ, ಗಾಜು, ಇಟ್ಟಿಗೆ ಹಾಸಿದ ಓಣಿ. ನಮ್ಮ ಗದಗಿನ ಪೇಟೆ ನನ್ನ ಅಜ್ಜಿಗಿಂತ ಹಳೆಯದು. ಪೇಟೆಯೊಂದು ಹುಟ್ಟುವುದನ್ನು ನಾನು ಎಂದೂ ಕಂಡಿರಲಿಲ್ಲ. ಮನೆಗೆ ಬಂದು ಉಸಿರು ಬಿಡದೆ ವರ್ಣಿಸಿದರೆ ಮಗಳು, "ಮಮ್ಮಿ, ಇಟ್ಸ್ ಜಸ್ಟ್ ಶಾಪ್ಸ್" ಎಂದು ನಗುತ್ತಿದ್ದಳು.

ಆ ಓಣಿಯ ಪುಟ್ಟ ಮಳಿಗೆಯೊಂದಕ್ಕೆ ಬಾಡಿಗೆಗಿದೆ ಎಂಬ ಬೋರ್ಡು ಹಾಕಿದ ವಾರವೇ ಅಕ್ಕನನ್ನು ಎಳೆದುಕೊಂಡು ಹೋದೆ. ಆಕೆಗೆ ಮನಸ್ಸಿರಲಿಲ್ಲ.

"ಇಲ್ಲಿಗೆ ಯಾರ ಬರ್ತಾರವಾ? ಮಾಲ್‌ನ್ಯಾಗಾದ್ರ ಕಾರು ಪುಕ್ಕಟೆ ನಿಲ್ಲಸ್ತಾರ," ಎಂದಳು.

ಆದರೂ ಒಳಗೆ ಹೋಗಿ, ಚೀಲದಿಂದ ಎರಡು ನೀಲಿ ದಾರದ ಉಂಡೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಮಾಲ್‌ನ ಗೂಡಿಗೆ ಕಿಟಕಿಯಿರಲಿಲ್ಲ. ಬಣ್ಣ ಹೊಂದಿಸಬೇಕಾದರೆ ಆಕೆ ಬಟ್ಟೆ ಹಿಡಿದು ಹೊರಗೆ ಹೋಗಬೇಕಿತ್ತು. ತುಂಬಾ ಹೊತ್ತು ದಾರಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, "ಇವೆರಡೂ ಬ್ಯಾರೆ ಬ್ಯಾರೆ ಬಣ್ಣ ಅಂತ ಇಲ್ಲಿ ಕುಂತಲ್ಲೇ ಕಾಣಾಕತ್ತೈತಿ. ತಗೋತೀನಿ ನಾ ಇದನ್ನ," ಎಂದಳು.

ಅಂಗಡಿ ತೆರೆದ ದಿನ ನನಗೆ ರಜೆ. ಯಂತ್ರಗಳನ್ನು ನನ್ನ ಗಂಡ ಗೆಳೆಯನ ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಬಂದ. ಮಾವಿನೆಲೆ ಸಿಗದೆ ನಿಂಬೆ ಎಲೆಯ ತೋರಣ ಕಟ್ಟಿದೆವು. ಬೇಸನ್ ಉಂಡಿ ತಟ್ಟೆಯಲ್ಲಿಟ್ಟು ಬಾಗಿಲು ನೋಡುತ್ತ ಕೂತೆವು. ಓಣಿಯಲ್ಲಿ ಜನ ಓಡಾಡುತ್ತಿದ್ದರು, ಒಳಗೆ ಯಾರೂ ಬರಲಿಲ್ಲ. ತಟ್ಟೆಯ ಉಂಡಿಗಳನ್ನು ನಾನು ಮತ್ತೆ ಮತ್ತೆ ಜೋಡಿಸಿದೆ.

ಕೊನೆಗೆ ಬಾಗಿಲು ತಳ್ಳಿಕೊಂಡು ಬಂದವರು ಇದೇ ಊರಿನ ಬಿಳಿಯ ಅಜ್ಜಿಯೊಬ್ಬರು. ತೋಳಿನ ಮೇಲೆ ಉಣ್ಣೆಯ ಕೋಟು. ಅದನ್ನು ಅವರು ಕೊಂಡದ್ದು ಇದೇ ಬೀದಿಯಲ್ಲಂತೆ. ಆ ಅಂಗಡಿ ಭೂಕಂಪದಲ್ಲಿ ಹೋಯಿತು. ಅಂದಿನಿಂದ ಈ ಕಡೆಗೆ ಕಾಲಿಡಲು ಮನಸ್ಸಾಗಿರಲಿಲ್ಲ, ಇವತ್ತು ಬಸ್ಸಿನಿಂದ ನಿಮ್ಮ ಬೋರ್ಡು ಕಂಡು ಇಳಿದೆ ಎಂದರು. ಕೋಟು ಗಟ್ಟಿಯಾಗಿತ್ತು, ಒಳಗಿನ ಲೈನಿಂಗ್ ಮಾತ್ರ ಚಿಂದಿಯಾಗಿತ್ತು. ಅಕ್ಕ ಮೊದಲಿನಂಥದೇ ಬೂದು ಬಟ್ಟೆ ತೋರಿಸಿದಳು. ಅಜ್ಜಿಯ ಬೆರಳು ಪಕ್ಕದ ಕೆಂಪು ರೇಷ್ಮೆಯ ಮೇಲೆ ನಿಂತಿತು. ನನ್ನ ವಯಸ್ಸಿಗೆ ಅತಿಯಾದೀತೇ ಎಂದು ಕೇಳಿದರು.

ಅಕ್ಕ ನನ್ನ ಕಡೆ ತಿರುಗಿದಳು. "ಒಳಗ ಕೆಂಪು ಇದ್ರ ಚಳಿ ಹತ್ರ ಸುಳಿಯೂದಿಲ್ಲ ಅಂತ ಹೇಳವಾ ಅವರಿಗೆ."

ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿ ಗಟ್ಟಿಯಾಗಿ ನಕ್ಕು, ಕೆಂಪನ್ನೇ ಹಾಕಲು ಹೇಳಿ, ಎರಡು ಉಂಡಿ ತಿಂದು ಹೋದರು.

ಮುಂದಿನ ಶನಿವಾರ ಅಜ್ಜಿ ಕೋಟು ಒಯ್ಯಲು ಬಂದಾಗ ನಾನೂ ಅಲ್ಲಿದ್ದೆ. ತೊಟ್ಟುಕೊಂಡು, ಎರಡೂ ಮಗ್ಗುಲು ಬಿಚ್ಚಿ ಕೆಂಪು ತೋರಿಸಿದರು. ಊರ ನಡುವಿನ ನದಿಯವರೆಗೆ ಜೊತೆಗೆ ಬರುತ್ತೀಯಾ, ಒಬ್ಬಳೇ ಹೋಗಲು ಧೈರ್ಯವಿಲ್ಲ ಎಂದು ಕೇಳಿದರು. ಹೊರಟೆವು. ಎಲ್ಲಿ ಏನಿತ್ತು ಎಂದು ಅವರು ಹೇಳಿದರು. ಅದೇ ಜಾಗದಲ್ಲಿ ಯಾವ ಗೋಡೆ ಹೇಗೆ ಎದ್ದಿತೆಂದು ನಾನು ಹೇಳಿದೆ. ಮೊದಲು ನನ್ನ ತೋಳು ಬಿಗಿಯಾಗಿ ಹಿಡಿದಿದ್ದವರು, ಸ್ವಲ್ಪ ದೂರ ಹೋಗುತ್ತಲೇ ಕೈಬಿಟ್ಟು, ಕೋಟು ಹಾರಿಸಿಕೊಂಡು ಮುಂದೆ ನಡೆದರು. ಅವರ ಹಿಂದೆ ನಾನು ಬಹುತೇಕ ಓಡುತ್ತಿದ್ದೆ. ನದಿಯ ಪಕ್ಕದ ಹೊಸ ತಿಂಡಿ ಮಾರುಕಟ್ಟೆಯಲ್ಲಿ ಅವರಿಗೆ ಮಸಾಲೆ ದೋಸೆ ಕೊಡಿಸಿದೆ. ಕೈಯಲ್ಲೇ ಮುರಿದು ತಿಂದರು.

ಇರಲಿ ಎಂದು ಅಲ್ಲಿಯವರೆಗೆ ಇಟ್ಟುಕೊಂಡಿದ್ದ ಮಾಲ್‌ನ ಗೂಡನ್ನು ಅಕ್ಕ ಬಿಟ್ಟುಕೊಟ್ಟಳು. ಅಜ್ಜಿ ಗೆಳತಿಯರನ್ನೆಲ್ಲ ಒಬ್ಬೊಬ್ಬರಾಗಿ ಕರೆತಂದರು. ಅವರಿಗೂ ಕೆಂಪೇ ಬೇಕಂತೆ.