ಕಾರು ಮಾರಿದ ಮೇಲೆ

ಇನ್ನು ಕೆಲವೇ ವರ್ಷಗಳಲ್ಲಿ ಡ್ರೈವರ್ ಇಲ್ಲದ ಎಲೆಕ್ಟ್ರಿಕ್ ಕಾರುಗಳು ಕರೆದಲ್ಲಿಗೆ ಬರುತ್ತವೆ, ಎಲ್ಲರೂ ಅವುಗಳಲ್ಲೇ ಓಡಾಡುತ್ತಾರೆ, ಸ್ವಂತ ಕಾರು ಯಾರಿಗೂ ಬೇಕಾಗುವುದಿಲ್ಲ ಎಂದು ವಾದಿಸಿ ಹೆಂಡತಿಯನ್ನು ಒಪ್ಪಿಸಿದವನು ನಾನೇ. ನಾನು ಕೆಲಸ ಮಾಡುವ ವೇಮಗಲ್‌ನ ಫ್ಯಾಕ್ಟರಿಗೆ ಹೇಗೂ ಕಂಪನಿ ಬಸ್ಸಿತ್ತು. ಕಾರು ಮಾರಿದೆವು.

ಹದಿನೈದು ದಿನವೂ ಆಗಿರಲಿಲ್ಲ, ಒಂದು ಭಾನುವಾರ ಮಧ್ಯಾಹ್ನ ದೇವರಾಯಸಮುದ್ರದಿಂದ ಅಕ್ಕ ಫೋನ್ ಮಾಡಿದಳು. ಹಸು ಒದ್ದು ಅವಳ ಕಾಲು ಮುರಿದಿತ್ತು. ಭಾವ ಊರಲ್ಲಿರಲಿಲ್ಲ. "ನೀನೇ ಬಾರೋ," ಎಂದು ಅತ್ತಳು.

ವಕ್ಕಲೇರಿಯ ನಮ್ಮ ಮನೆಯಿಂದ ಎಷ್ಟು ಸಲ ಮೊಬೈಲ್ ಒತ್ತಿದರೂ ಬಾಡಿಗೆ ಕಾರು ಸಿಗಲಿಲ್ಲ. ಅಂಗಳಕ್ಕೂ ರಸ್ತೆಗೂ ಓಡಾಡುತ್ತಿದ್ದ ನನ್ನನ್ನು ಕಂಡು ಎದುರುಮನೆಯ ಮೇಷ್ಟ್ರು ತಮ್ಮ ಕಾರಿನ ಕೀ ತಂದುಕೊಟ್ಟರು.

"ತಗೊಂಡ್ ಹೋಗಪ್ಪ, ವಾರವೆಲ್ಲ ಸುಮ್ನೆ ನಿಂತಿರ್ತದೆ."

ಅಕ್ಕನನ್ನು ಕೋಲಾರದ ಆಸ್ಪತ್ರೆಗೆ ಕರೆತಂದೆ. ಕಾಲಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದ ಮೇಲೆ ಅವಳಿಗೆ ಮಾತು ಬಂತು.

"ಡ್ರೈವರ್ ಇಲ್ದಿರೋ ಕಾರು ಬರ್ತದೆ ಅಂತ ಇದ್ದಿದ್ದನ್ನ ಮಾರ್ಬಿಟ್ಯಂತೆ. ಅದು ನಮ್ಮ ಕೆರೆ ಏರಿ ಮೇಲೂ ಬರ್ತದೇನೋ?"

"ಬರ್ತದೆ ಕಣಕ್ಕ," ಎಂದೆ. ಯಾವಾಗ ಎಂದು ಅವಳು ಕೇಳಲಿಲ್ಲ.

ಈಗ ದಿನವೂ ಬಸ್ಸಿನಲ್ಲಿ ಕೂತು ಸೆಕೆಂಡ್ ಹ್ಯಾಂಡ್ ಕಾರುಗಳ ಚಿತ್ರ ನೋಡುತ್ತೇನೆ. ಬೇಡವೆನಿಸಿ ಫೋನು ಜೇಬಿಗೆ ಹಾಕುತ್ತೇನೆ, ಮುಂದಿನ ಸ್ಟಾಪಿಗೆ ಮತ್ತೆ ತೆಗೆಯುತ್ತೇನೆ.